ವಿಮಲಮ್ಮನಿಗೊಂದು ರ್‍ಯಾಲಿ ನಂಬರು

ಚರ್ರ್, ಚರ್ರ್ ಅಂತ ಕಾಯಿ ಸುಲಿಯುವ ಸದ್ದು ಹಿತ್ತಲಿಂದ ಬರುತ್ತಿತ್ತು. ಕಿಬ್ಬನಹಳ್ಳಿಯ ತೋಟದ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದ ವಿಮಲಮ್ಮನಿಗೆ ಅವತ್ತು ಅದು ಯಾರೋ ಗೇರು ಬದಲಿಸಿದ ಹಾಗೆ ಕೇಳಿಸಿತು. ಈ ಸಲ ಮೋಟಾರು ಕ್ಲಬ್ಬಿನ ರ್‍ಯಾಲಿಯಲ್ಲಿ ತಾವೇ ಕಾರು ಓಡಿಸಬೇಕು. ಹಾಗಂದುಕೊಂಡರೆ ಸಾಕು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕ್ಲಬ್ಬು ಕಟ್ಟಿದ್ದು ಅವರ ಅಣ್ಣ ನಾಗಭೂಷಣ. ಮೊದಲ ರ್‍ಯಾಲಿಗೆ ದಾರಿಯ ಗುರುತು ಬರೆದವರೂ ಅವರೇ: ‘ಮಟ್ಟೆ ಗುಡ್ಡೆ ಕಂಡಲ್ಲಿ ಎಡಕ್ಕೆ.’ ಬರೆದು ಮುಗಿಸಿದ ಮೇಲೆ ನಾರಿನ ಮಿಲ್ಲಿನ ಲಾರಿ ಬಂದು ರಸ್ತೆ ಬದಿಯ ತೆಂಗಿನ ಸಿಪ್ಪೆಯ ಗುಡ್ಡೆಗಳನ್ನೆಲ್ಲ ಹೊತ್ತುಕೊಂಡು ಹೋಯಿತು. ಅಂಬಾಸಿಡರು, ಜೀಪು, ಕೊಬ್ಬರಿ ಸಾಗಿಸುವ ಮೆಟಡೋರು ಎಲ್ಲವೂ ಊರೂರು ಅಲೆದು, ಕೊನೆಗೆ ಮಟ್ಟೆ ರಾಶಿ ಉಳಿದಿದ್ದ ಇದೇ ಅಂಗಳಕ್ಕೆ ನುಗ್ಗಿದವು. ವಿಮಲಮ್ಮ ಎಲ್ಲರಿಗೂ ಉಪ್ಪಿಟ್ಟು ಹಾಕಿದರು. ಅಣ್ಣನಿಗೆ ‘ಮಟ್ಟೆ ನಾಗಣ್ಣ’ ಅನ್ನೋ ಹೆಸರು ಅಂಟಿತು, ತಂಗಿಗೆ ಪ್ರತಿ ರ್‍ಯಾಲಿಯ ಉಪ್ಪಿಟ್ಟು ಅಂಟಿತು.

ಈಗ ಕಾರ್ಯದರ್ಶಿ ನಾಗಣ್ಣನ ಮಗ ಜ್ಞಾನೇಶ.

“ಅತ್ತೆ, ನೀವು ಕಾರು ಹತ್ತಿದ್ರೆ ತಿಂಡಿ ಗತಿ ಏನು? ಬ್ಯಾಡ ಬುಡಿ.”

“ಒಂದು ಸುತ್ತು ಪಕ್ಕದಲ್ಲಿ ಕೂತು ನೋಡೋ. ಸರಿಹೋಗ್ಲಿಲ್ಲ ಅಂದ್ರೆ ಸೌಟೇ ಹಿಡೀತೀನಿ.”

ಜ್ಞಾನೇಶ ತಾನೇ ಬರೆದ ದಾರಿ ಪುಸ್ತಕ ಹಿಡಿದು ಕೂತ. ವಿಮಲಮ್ಮನ ಆಮ್ನಿ ಕಾರು ಹುಳಿಯಾರು ದಿಕ್ಕಿಗೆ ಹೊರಟಿತು. ಈ ಆಟದಲ್ಲಿ ಗೊತ್ತು ಮಾಡಿದ ಹೊತ್ತಿಗಿಂತ ತಡವಾದರೂ ತಪ್ಪು, ಬೇಗ ಹೋದರೂ ತಪ್ಪು. ವಿಮಲಮ್ಮ ಹದವಾಗಿ ಓಡಿಸಿದರು. ತೆಂಗಿನ ಸಾಲುಗಳು ಎರಡೂ ಕಡೆ ನಗುತ್ತಾ ಹಿಂದೆ ಸರಿದವು.

“ಎಡಕ್ಕೆ ಯಾವಾಗ್ಲೋ?”

“ಇನ್ನೂ ಬಂದಿಲ್ಲ, ಹೋಗಿ.”

ಹೋದರು. ಹೋಗುತ್ತಲೇ ಇದ್ದರು. ಟಾರು ಮಣ್ಣಾಯಿತು, ಮಣ್ಣು ಕಾಲುದಾರಿಯಾಯಿತು, ಕಾಲುದಾರಿ ಯಾರದೋ ಕುರಿರೊಪ್ಪದ ಮುಂದೆ ಮುಗಿದೇ ಹೋಯಿತು. ಕುರಿಗಳು ಆಮ್ನಿಯನ್ನು ಸುತ್ತುವರಿದು ನೋಡತೊಡಗಿದವು.

“ಏನ್ ಬರ್ದಿದೀಯ, ಓದು.”

ಜ್ಞಾನೇಶ ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದ. ವಿಮಲಮ್ಮ ಪುಸ್ತಕ ಕಿತ್ತುಕೊಂಡು ನೋಡಿದರು. ‘ಮಟ್ಟೆ ಗುಡ್ಡೆ ಕಂಡಲ್ಲಿ ಎಡಕ್ಕೆ.’

ನಗು ತಡೆಯಲಾರದೆ ಸ್ಟೇರಿಂಗಿನ ಮೇಲೆ ಬಿದ್ದರು. ಹಾರ್ನು ಕೂಗಿತು, ಕುರಿಗಳು ದಿಕ್ಕಾಪಾಲಾದವು.

“ಹೋದ್ವಾರ ಇತ್ತು ಕಣತ್ತೆ! ಬೆಟ್ಟದಂಗಿತ್ತು!”

“ನಿಮ್ಮಪ್ಪನೂ ಹಿಂಗೇ ಅಂದಿದ್ದ. ಬಾರಪ್ಪ, ಮಟ್ಟೆ ಜ್ಞಾನಣ್ಣ!”

“ಅಯ್ಯೋ, ಕ್ಲಬ್ಬಲ್ಲಿ ಹೇಳ್ಬ್ಯಾಡಿ ಅತ್ತೆ. ಕಾಲಿಗೆ ಬೀಳ್ತೀನಿ.”

“ಕಾಲು ಯಾಕೆ? ನಂಬರು ಕೊಡು.”

ಜ್ಞಾನೇಶ ಚೀಲದಿಂದ ರ್‍ಯಾಲಿ ಸ್ಟಿಕರು ತೆಗೆದು ಕೊಟ್ಟ. ವಿಮಲಮ್ಮ ಕೆಳಗಿಳಿದು, ಬಾಗಿಲಿಗೆ ಅಂಟಿಸಿ, ಸುಕ್ಕು ಉಳಿಯದಂತೆ ಸೆರಗಿನಿಂದ ಒತ್ತಿ ಸವರಿದರು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ, ದಾರಿ ಕೇಳಲು ಕುರಿಗಳ ನಡುವೆ ನಡೆಯುತ್ತಲೇ ಕೂಗಿದರು: “ಗಾಡಿ ತಿರುಗ್ಸಿಟ್ಟಿರೋ. ತಿರುಗ್ಸಿ ಇಳಿದ್ಬುಡು ಮತ್ತೆ, ಆ ಸೀಟು ಇನ್ಮೇಲೆ ನಂದು!”