ನಲವತ್ತೊಂಬತ್ತು ನಿಮಿಷದ ಆಲ್ಬಮ್ಮು

ಟೇಪಣ್ಣ ಎಂದರೆ ಬೀದಿಗೆಲ್ಲ ಗೊತ್ತು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಈಗ ಅವನ ಅಂಗಡಿಯಲ್ಲಿ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಮೂವತ್ತು ವರ್ಷದ ಹಿಂದೆ ಅಲ್ಲೇ ಕೂತು ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದ. ಒಂದು ಬದಿಗೆ ಒಂದು ಆಲ್ಬಮ್ಮು, ಇನ್ನೊಂದು ಬದಿಗೆ ಇನ್ನೊಂದು. ಯಾವ ಹಾಡೂ ನಡುವೆ ತುಂಡಾಗಬಾರದು ಎನ್ನುವುದು ಅಂಗಡಿಯ ನೇಮ. ಆ ನೇಮದ ಬಗ್ಗೆ ಅವನಿಗೆ ಇವತ್ತಿಗೂ ಇನ್ನಿಲ್ಲದ ಜಂಬ.

ಒಂದು ಭಾನುವಾರ ಬೆಳಿಗ್ಗೆ ಮಗಳು ಪತ್ರಿಕೆ ಹಿಡಿದುಕೊಂಡು ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ವಾದ ಮಾಡುವುದು ರಜೆಯ ದಿನದ ಕಸುಬು. ಗಿಟಾರನ್ನು ಗುಡುಗಿಸಿ ಗಂಟಲು ಹರಿದುಕೊಂಡು ಹಾಡುವ ಗ್ರಂಜ್ ಸಂಗೀತದ ಒಂದು ಆಲ್ಬಮ್ಮಿನ ಬಗ್ಗೆ ಪತ್ರಿಕೆಯವರು ಅರ್ಧ ಪುಟ ಬರೆದಿದ್ದರು. ಮೂವತ್ತು ವರ್ಷವಾದರೂ ಮಾಸದ ದೊಡ್ಡ ಹೆಸರಿಗೆ ಆ ಆಲ್ಬಮ್ಮು ನಿಜಕ್ಕೂ ತಕ್ಕದ್ದೇ ಎಂಬುದು ಅವರ ಪ್ರಶ್ನೆ.

"ತಕ್ಕದ್ದಂತೆ, ತಕ್ಕದ್ದು! ದೂರದ ಬೆಟ್ಟ ನುಣ್ಣಗೆ ಕಣಮ್ಮ," ಎಂದ ಟೇಪಣ್ಣ. "ಬೆನ್ನಟ್ಟಿದ ನಾಯಿಗೆ ಹೆದರಿದೋರ ಹಾಗೆ ಆ ಹಾಡುಗಳು ಓಡೋದೇ ಓಡೋದು. ನೂರಾರು ಸಲ ತುಂಬಿಸಿದ್ದೀನಿ ಅದನ್ನ."

"ತುಂಬಿಸಿದ್ದೀಯ ಸರಿ. ಕೂತು ಕೇಳಿದ್ದೀಯಾ?"

ಮಗಳು ಫೋನಿನಲ್ಲಿ ಆಲ್ಬಮ್ಮು ಹಾಕಿಯೇಬಿಟ್ಟಳು.

ಎರಡನೆಯ ಹಾಡಿಗೆ ಅವನ ಹುಬ್ಬು ಗಂಟಾಯಿತು. ಓಟವೆಲ್ಲಿ? ತುಂಬಿದ ಬಿಂದಿಗೆ ಹೊತ್ತವನು ಮೆಟ್ಟಿಲು ಹತ್ತುವ ಹಾಗೆ ಡ್ರಮ್ಮಿನ ಪೆಟ್ಟು ಒಂದೊಂದೇ ಬೀಳುತ್ತಿತ್ತು. ಕೀರಲು ಎಂದುಕೊಂಡಿದ್ದ ದನಿಯಲ್ಲಿ ಭಾರವಿತ್ತು, ಸಂಕಟವಿತ್ತು. "ನಿನ್ನ ಫೋನು ಕೆಟ್ಟಿದೆ," ಎಂದ. "ನಿನ್ನ ಕಿವಿ ಕೆಟ್ಟಿದೆ," ಎಂದಳು ಮಗಳು.

ರಿಪೇರಿಯವನ ಬುದ್ಧಿ ಸುಮ್ಮನಿರುತ್ತದೆಯೇ? ಅಟ್ಟದಿಂದ ಹಳೆಯ ಕ್ಯಾಸೆಟ್ಟನ್ನೂ ಅದನ್ನು ನುಡಿಸುವ ಯಂತ್ರವನ್ನೂ ಇಳಿಸಿ, ಧೂಳು ಒರೆಸಿ, ಗಡಿಯಾರ ಮುಂದಿಟ್ಟುಕೊಂಡ. ಫೋನಿನಲ್ಲಿ ಆಲ್ಬಮ್ಮು ನಲವತ್ತೊಂಬತ್ತು ನಿಮಿಷ. ಕ್ಯಾಸೆಟ್ಟಿನಲ್ಲಿ ನಲವತ್ತೈದೇ. ಒಂದು ಹಾಡೂ ಕಡಿಮೆಯಿಲ್ಲ! ಯಂತ್ರದ ಮೇಲೆ ಅನುಮಾನ ಬಂದು, ಕಂಪನಿಯೇ ಮಾರಿದ್ದ ಬೇರೊಂದು ಕ್ಯಾಸೆಟ್ಟು ಹಾಕಿ ನೋಡಿದ. ಅದರ ಹಾಡುಗಳು ಹೊದಿಕೆಯಲ್ಲಿ ಅಚ್ಚಾದ ನಿಮಿಷಕ್ಕೆ ಸರಿಯಾಗಿ ಮುಗಿದವು. ಯಂತ್ರ ಸರಿಯಿತ್ತು. ತಪ್ಪಿದ್ದು ತಾನು ತುಂಬಿಸಿದ ಕ್ಯಾಸೆಟ್ಟಿನಲ್ಲೇ.

ಆಗ ಆ ಸ್ಕ್ರೂ ನೆನಪಾಯಿತು. ಕ್ಯಾಸೆಟ್ಟಿನ ಒಂದು ಬದಿ ಹಿಡಿಯುತ್ತಿದ್ದುದು ನಲವತ್ತೈದು ನಿಮಿಷ. ಕೊನೆಯ ಹಾಡು ತುಂಡಾಗುತ್ತದೆಂದು, ತುಂಬಿಸುವ ಯಂತ್ರದ ಮೋಟರಿನ ಹಿಂದಿನ ಸ್ಕ್ರೂ ತಿರುಗಿಸಿ ಅದನ್ನು ಚೂರು ನಿಧಾನ ಮಾಡಿದ್ದ. ನಿಧಾನವಾಗಿ ತುಂಬಿಸಿದ್ದು ಬೇರೆ ಯಂತ್ರದಲ್ಲಿ ಬೇಗ ಓಡುತ್ತದೆ. ಓಡಲಿ, ಹಾಡು ಪೂರ್ತಿ ಬಂತಲ್ಲ ಎಂದು ಬೆನ್ನು ತಟ್ಟಿಕೊಂಡಿದ್ದ ಮಹಾಶಯ.

"ಅಯ್ಯೋ ದೇವರೇ," ಎಂದು ಕ್ಯಾಸೆಟ್ಟು ಹೊರತೆಗೆದ. "ನಿಮ್ಮ ಚಿಕ್ಕಪ್ಪ!"

ಅವನ ತಮ್ಮ ಈಗ ಬಡಗಿ. ಹತ್ತೊಂಬತ್ತರ ವಯಸ್ಸಿನಲ್ಲಿ ನಾಲ್ವರ ತಂಡದಲ್ಲಿ ಡ್ರಮ್ಮು ಬಾರಿಸುತ್ತಿದ್ದ. ಅಣ್ಣ ಕೊಟ್ಟ ಕ್ಯಾಸೆಟ್ಟಿನ ಜೊತೆ ಬಾರಿಸಿ ಬಾರಿಸಿ ಅಂಗೈಯೆಲ್ಲ ಬೊಬ್ಬೆ ಬಂದಿತ್ತು. "ಇದು ಯಾಕೋ ವಿಪರೀತ ಓಡುತ್ತೆ ಅಣ್ಣ," ಎಂದು ಒಮ್ಮೆ ಹೇಳಿಯೂ ಇದ್ದ. ಗಿರಾಕಿಗಳ ಮುಂದೆಯೇ ಟೇಪಣ್ಣ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ನಕ್ಕಿದ್ದ. ಆ ತಿಂಗಳೇ ಡ್ರಮ್ಮು ಮಾರಿ ಉಳಿ ಹಿಡಿದ ತಮ್ಮ. ಆಮೇಲೆ ಯಾರಾದರೂ ಆ ಆಲ್ಬಮ್ಮನ್ನು ಹಳಿದರೆ ಅವನು ಸಹಿಸುತ್ತಿರಲಿಲ್ಲ. "ಅದಕ್ಕೆ ಸಮ ಇನ್ನೊಂದಿಲ್ಲ. ನಾನು ಸೋತಿದ್ದು ಅಂಥವರ ಮುಂದೆ," ಎನ್ನುತ್ತಿದ್ದ. ಆ ಮಾತೊಂದೇ ಅವನ ಸಮಾಧಾನ.

ಈಗ ನಿಜ ಹೇಳಿದರೆ ಅದೂ ಹೋಗುತ್ತದೆ. ಅವನು ಮುಖವನ್ನೇ ತಿರುಗಿಸಿಕೊಂಡರೆ? ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೂ ಒಂದು ಕುತೂಹಲ ಅವನನ್ನು ಕೊರೆಯುತ್ತಲೇ ಇತ್ತು: ಸರಿಯಾದ ವೇಗದಲ್ಲಿ ತಮ್ಮನ ಕೈ ಆಡುತ್ತಿತ್ತೇ? ಮಗಳ ಫೋನು ಜೇಬಿಗಿಳಿಸಿಕೊಂಡು ಹೊರಟೇಬಿಟ್ಟ.

ಮರಗೆಲಸದ ಶೆಡ್ಡಿನಲ್ಲಿ ತಮ್ಮ ಒಂದು ಬಾಗಿಲನ್ನು ಉಜ್ಜುಗೊರಡಿನಿಂದ ನಯ ಮಾಡುತ್ತಿದ್ದ. ಟೇಪಣ್ಣ ಆಲ್ಬಮ್ಮು ಹಾಕಿ, ಫೋನನ್ನು ಮರದ ಹೊಟ್ಟಿನ ನಡುವೆ ಇಟ್ಟ.

ತಮ್ಮನ ಕೈ ನಿಂತಿತು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದ. ಕಿವಿಯ ಮೇಲಿದ್ದ ಪೆನ್ಸಿಲನ್ನೂ ಪಕ್ಕದಲ್ಲಿದ್ದ ಇನ್ನೊಂದನ್ನೂ ಎತ್ತಿಕೊಂಡು ಬಾಗಿಲಿನ ಮೇಲೆ ಬಾರಿಸತೊಡಗಿದ. ಒಂದು ಹಾಡು ಮುಗಿಯಿತು, ಎರಡಾಯಿತು. ಅಂದು ಅವನ ಕೈ ವೇಗ ಹಿಡಿಯಲಾರದೆ ಬಿಟ್ಟಿದ್ದ ಮೂರನೆಯದೂ ಮುಗಿಯಿತು. ಐವತ್ತರ ಕೈಗೆ ಒಂದು ಪೆಟ್ಟೂ ತಪ್ಪಲಿಲ್ಲ.

"ಇದೇನು ಅಣ್ಣ, ಇಷ್ಟು ನಿಧಾನ?"

"ಇದೇ ಕಣೋ ಸರಿಯಾದ ವೇಗ. ಒಂದೇ ಬದಿಗೆ ಹಿಡಿಸಬೇಕು ಅಂತ ನಾನು ಸ್ಕ್ರೂ ತಿರುಗಿಸಿದ್ದೆ. ಅದಕ್ಕೇ ನಿನ್ನ ಕ್ಯಾಸೆಟ್ಟು ಓಡ್ತಿತ್ತು." ಟೇಪಣ್ಣ ಫೋನಿನ ದನಿ ತಗ್ಗಿಸಿದ. "ನೆಲ ಡೊಂಕಾಗೇ ಇತ್ತು ಕಣೋ. ಡೊಂಕು ಮಾಡಿದೋನು ನಾನೇ. ಮೇಲಿಂದ ನಿನ್ನನ್ನೇ ಆಡಿಕೊಂಡೆ."

ತಮ್ಮ ಪೆನ್ಸಿಲು ಕೆಳಗಿಟ್ಟ. ಹೊಟ್ಟು ಅಂಟಿದ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅವನ ಮುಖ ಕೆಂಪಾಗಿತ್ತು.

"ಮೂವತ್ತು ವರ್ಷ, ಅಣ್ಣ."

"ಬೈದುಬಿಡೋ. ಎರಡು ಬಾರಿಸು ಬೇಕಾದ್ರೆ."

"ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡಿರು. ಮೊದಲಿಂದ ಹಾಕು."

ಟೇಪಣ್ಣ ಮೊದಲಿನಿಂದ ಹಾಕಿದ. ತಮ್ಮ ಕಣ್ಣೊರೆಸಿಕೊಂಡು ಪೆನ್ಸಿಲು ಎತ್ತಿಕೊಂಡ. ಎಷ್ಟೋ ಹೊತ್ತಿನ ಮೇಲೆ ಟೇಪಣ್ಣನಿಗೆ ತಡೆಯಲಾಗಲಿಲ್ಲ.

"ಹಂಗಾದ್ರೆ ಹೇಳು, ಈ ಆಲ್ಬಮ್ಮಿಗಿರೋ ದೊಡ್ಡ ಹೆಸರಿಗೆ ಇದು ತಕ್ಕದ್ದೇನೋ?"

"ಪೂರ್ತಿ ಮುಗೀಲಿ ತಡಿ," ಎಂದ ತಮ್ಮ, ಕೈ ನಿಲ್ಲಿಸದೆ. "ನಾನೂ ಇವತ್ತೇ ಮೊದಲ ಸಲ ಕೇಳ್ತಿರೋದು."