ಅಮ್ಮನ ಜಂಪರುಗಳು ಮೋಡಕ್ಕೇರಿದ್ದು

ನನಗೆ ಈ ಹುಚ್ಚು ಹತ್ತಿದ್ದು ಬೇಸಿಗೆ ರಜೆಯಲ್ಲಿ. ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನಂಥವರನ್ನೆಲ್ಲ ಕೂರಿಸಿ ಕೋಡಿಂಗ್ ತರಬೇತಿ ಕೊಟ್ಟರು. ಉಳಿದವರು ಉಪ್ಪಿಟ್ಟು ತಿಂದು, ಸಹಿ ಹಾಕಿ, ಬಸ್ಸು ಹಿಡಿದರು. ನಾನು ಪೈಥಾನಿನಲ್ಲಿ ನಾಲ್ಕು ಸಾಲು ಬರೆದು, ಕಂಪ್ಯೂಟರು ನಾನು ಹೇಳಿದ ಹಾಗೇ ಕೇಳಿದ್ದು ನೋಡಿ ಬೆರಗಾಗಿ ಕೂತುಬಿಟ್ಟೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನನ್ನ ಮಾತನ್ನು ಅಷ್ಟು ವಿಧೇಯವಾಗಿ ಕೇಳಿದವರು ಯಾರೂ ಇರಲಿಲ್ಲ!

ಕಲಿತದ್ದನ್ನು ಎಲ್ಲಿ ಖರ್ಚು ಮಾಡುವುದು ಎಂದು ಹುಡುಕುತ್ತಿದ್ದವಳಿಗೆ ಸಿಕ್ಕಿದ್ದು ನಮ್ಮಮ್ಮ. ಚನ್ನಗಿರಿಯಲ್ಲಿ ಕೂತು ಸುತ್ತಲಿನ ಊರುಗಳ ಹೆಂಗಸರಿಗೆಲ್ಲ ರವಿಕೆ ಹೊಲಿದವಳು ಅವಳು. ರವಿಕೆ ಎಂದರೆ ಅವಳಿಗೆ ಸಿಟ್ಟು. "ರವಿಕೆ ಪುಸ್ತಕದಾಗೆ ಇರಾದು. ಮೈಮ್ಯಾಲೆ ಇರಾದು ಜಂಪರು" ಅನ್ನುತ್ತಾಳೆ. ಈಗ ನಮ್ಮ ಜೊತೆಗೇ ಇದ್ದಾಳೆ, ಯಾಕೆಂದರೆ ಕಣ್ಣಿನ ನರ ಸೋಲುತ್ತಾ ಬಂದಿದೆ. ಒಂದು ಕಣ್ಣು ಹೆಚ್ಚುಕಡಿಮೆ ಹೋಗಿದೆ. ಇನ್ನೊಂದೂ ಮೆಲ್ಲಗೆ ಅದೇ ದಾರಿ ಹಿಡಿದಿದೆ, ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಅತ್ತೆ. ಅವಳು ಅಳಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ.

"ಜಗಳೂರಿಗೆ ಕೊಟ್ಟ ಒಬ್ಬ ಹುಡುಗಿಗೆ ಹಸಿರು ಜಂಪರು ಹೊಲಿದಿದ್ದೆ ಕಣೇ. ಬೆನ್ನ ಮ್ಯಾಲೆ ಜೋಡಿ ಗಿಣಿ. ಅಂಥದ್ದು ಮತ್ತೆ ನನ್ನ ಕೈಯಾಗೆ ಬರಲಿಲ್ಲ. ಮದುವೆ ಅವಸರದಾಗೆ ಕಿತ್ಕೊಂಡು ಹೋದ್ರು, ಕಣ್ತುಂಬ ನೋಡಾಕೂ ಬಿಡಲಿಲ್ಲ. ಈ ಕಣ್ಣು ಇರಾ ಹೊತ್ತಿಗೆ ಒಂದ್ ಸಲ ನೋಡ್ಬೇಕು."

ಆ ಹುಡುಗಿ ಯಾರ ಮನೆಗೆ ಹೋದಳೋ ಅಮ್ಮನಿಗೆ ನೆನಪಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗಿ, ಕಂಡ ಹೆಂಗಸರನ್ನೆಲ್ಲ ನಿಲ್ಲಿಸಿ "ಗಿಣಿ ಜಂಪರು ನೋಡಿದ್ದೀರಾ" ಎಂದು ಕೇಳಿದೆ. ನನ್ನನ್ನು ಸೀರೆ ಮಾರುವವಳೆಂದು ತಿಳಿದು ಕಂತಿನಲ್ಲಿ ಕೊಡ್ತೀರಾ ಎಂದರು. ಬರಿಗೈಯಲ್ಲಿ ಬಂದೆ. ಆದರೆ ಹುಡುಕಾಟ ಶುರುವಾದ ಮೇಲೆ ಅಮ್ಮನ ಬೇರೆ ಜಂಪರುಗಳು ಒಂದೊಂದಾಗಿ ಹೊರಬಿದ್ದವು. ಕೆರೆಬಿಳಚಿಯ ಟ್ರಂಕಿನಿಂದ, ನ್ಯಾಮತಿಯ ಬೀರುವಿನಿಂದ, ಚನ್ನಗಿರಿಯಲ್ಲಿ ಒಂದು ದಿಂಬಿನ ಹೊಟ್ಟೆಯಿಂದ ಕೂಡ. ಸಿಕ್ಕಿದ್ದಕ್ಕೆಲ್ಲ ಹಿಂದೆ, ಮುಂದೆ, ತೋಳು, ಒಳಗಿನ ಹೊಲಿಗೆ ಎಂದು ಫೋಟೋ ಹೊಡೆದೆ. ಫೋನು ಜಾಗವಿಲ್ಲ ಎಂದು ಗೋಳಾಡತೊಡಗಿತು.

ಆಗ ಕ್ಲೌಡಿನ, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಮೋಡದ ಅಟ್ಟದ, ಬೆನ್ನು ಹತ್ತಿದೆ. ನನ್ನ ಗಂಡನದು ನ್ಯಾಮತಿಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ದಿನಾ ಬೈಕಿನಲ್ಲಿ ಹೋಗಿಬರುತ್ತಾರೆ. ಅವರು, "ಫೋನಾಗೆ ಒಂದು ಗುಂಡಿ ಒತ್ತಿದ್ರೆ ಅದೇ ಹೋಗಿ ಕೂರ್ತೈತಂತಲ್ಲೇ, ನಿನಗ್ಯಾಕೆ ಕೋಡು?" ಎಂದರು. ಒಲೆ ಹಚ್ಚಿ ಒಗ್ಗರಣೆ ಹಾಕಲು ಕಲಿತವಳಿಗೆ ಹೋಟೆಲಿನ ಸಾರು ರುಚಿಸುತ್ತದೆಯೇ?

ವಿಡಿಯೋ ನೋಡಿ ಖಾತೆ ತೆರೆದೆ. ಫೋಟೋ ಇಡುವ ಜಾಗಕ್ಕೆ ಬಕೆಟ್ ಎನ್ನುತ್ತಾರೆ ಎಂದಾಗ ಅಮ್ಮ, "ನನ್ನ ಜಂಪರೆಲ್ಲ ನೆನೆ ಹಾಕ್ತೀಯೇನೇ?" ಎಂದು ಗಾಬರಿಯಾದಳು. ಆ ಬಕೆಟ್ಟಿಗೆ ಇಡುವ ಹೆಸರು ಬೇರೆ ಯಾರ ಬಕೆಟ್ಟಿಗೂ ಇರಕೂಡದಂತೆ. 'ಅಮ್ಮ' ಎಂದು ಕೊಟ್ಟೆ, ಯಾರೋ ಇಟ್ಟುಕೊಂಡಾಗಿತ್ತು. 'ಜಂಪರ್' ಎಂದು ಕೊಟ್ಟೆ, ಅದೂ ಹೋಗಿತ್ತು! ಕೊನೆಗೆ ಊರು, ಅಮ್ಮ, ಜಂಪರು ಮೂರನ್ನೂ ಸೇರಿಸಿ ಉದ್ದಕ್ಕೆ ಬರೆದ ಮೇಲೆ ಒಪ್ಪಿತು. ಆಮೇಲೆ ಕೀ ಕೊಟ್ಟರು. ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು. ನನ್ನ ಕೋಡು ಅದನ್ನು ತೋರಿಸಿದರೆ ಮಾತ್ರ ಬಕೆಟ್ಟಿನ ಬಾಗಿಲು ತೆರೆಯುತ್ತದೆ. ಕೀಯನ್ನು ಕೋಡಿನೊಳಗೆ ಬರೆಯಬೇಡಿ, ಬೇರೆ ಕಡೆ ಇಡಿ ಎಂದು ವಿಡಿಯೋದವನು ಬಡಿದುಕೊಂಡ. ನಮ್ಮ ಮನೆ ಲ್ಯಾಪ್‌ಟಾಪನ್ನು ಯಾವ ಮಹಾರಾಯ ಬಂದು ನೋಡುತ್ತಾನೆ ಎಂದು ಕೋಡಿನ ತಲೆಯ ಮೇಲೇ ಬರೆದುಕೊಂಡೆ.

ಫೋಟೋ ಕಳಿಸುವ ಸಾಲಿನಲ್ಲಿ ಹೇಳಬೇಕಾದದ್ದು ಇಷ್ಟೇ: ನನ್ನ ಹತ್ತಿರ ಇರುವ ಫೋಟೋ ಯಾವುದು, ಯಾವ ಬಕೆಟ್ಟಿಗೆ ಹಾಕಬೇಕು, ಅಲ್ಲಿ ಅದಕ್ಕೆ ಹೆಸರೇನು. ಓಡಿಸಿದೆ. ಅನುಮತಿ ಇಲ್ಲ ಎಂದು ಬೈದಿತು. ಅನುಮತಿ ಕೊಟ್ಟು ಮತ್ತೆ ಓಡಿಸಿದೆ. ಈ ಸಲ ಏನೂ ಅನ್ನಲಿಲ್ಲ. ಬಕೆಟ್ಟಿನಲ್ಲಿರುವುದನ್ನೆಲ್ಲ ಪಟ್ಟಿ ಮಾಡುವ ಇನ್ನೊಂದು ಸಾಲು ಬರೆದು ಓಡಿಸಿದೆ. 'ನ್ಯಾಮತಿ ಕೆಂಪು' ಎಂದು ಬಂತು! ಬಂತು ಅಂದರೆ ಬಂತೇ! ಎದ್ದು ಅಮ್ಮನ ಎರಡೂ ಕೆನ್ನೆ ಹಿಂಡಿದೆ. "ಬಿಡೇ, ಹಲ್ಲಿನ ಸೆಟ್ಟು ಬೀಳ್ತೈತೆ" ಎಂದಳು. ದಸರಾ ಬರುವ ಹೊತ್ತಿಗೆ ಸಿಕ್ಕಿದ ಜಂಪರೆಲ್ಲ ಮೋಡ ಸೇರಿದ್ದವು, ಗಿಣಿಯದೊಂದು ಬಿಟ್ಟು.

ಆಯುಧಪೂಜೆಯ ದಿನ ಗಂಡನ ಬೈಕು, ಅಮ್ಮನ ಹೊಲಿಗೆ ಮಷೀನು, ಈಳಿಗೆ ಮಣೆ ಎಲ್ಲ ತೊಳೆದು ಸಾಲಾಗಿ ಇಟ್ಟೆವು. ನಾನು ಲ್ಯಾಪ್‌ಟಾಪನ್ನೂ ತಂದಿಟ್ಟೆ. ಅಮ್ಮ ಕೈಯಿಂದ ತಡವಿ ನೋಡಿದಳು.

"ಮುಚ್ಚಿಟ್ಟು ಯಾರಾದ್ರೂ ಪೂಜೆ ಮಾಡ್ತಾರೇನೇ? ಬಾಯಿ ತೆಗಿ ಅದರದ್ದು. ನೀನು ಬರೆದಿದ್ದನ್ನ ದೇವರೂ ನೋಡ್ಲಿ."

ಹೌದಲ್ಲ ಅನಿಸಿತು. ಕೋಡನ್ನೇ ತೆರೆದಿಟ್ಟೆ, ಅಕ್ಷರ ದೊಡ್ಡದು ಮಾಡಿ. ಮೇಲೆ ಚೆಂಡುಹೂವಿನ ಸರ, ಅಂಚಿಗೆ ವಿಭೂತಿ, ಕುಂಕುಮ, ಪಕ್ಕದಲ್ಲಿ ನಿಂಬೆಹಣ್ಣು. ಎಂಥಾ ಕಳೆ ಬಂದಿತ್ತು ಅಂತೀರಿ! ಫೋಟೋ ತೆಗೆದು, "ಅಮ್ಮನ ಜಂಪರುಗಳಿಗೆ ಹೊಸ ಮನೆ. ಜಗಳೂರಿಗೆ ಹೋದ ಗಿಣಿ ಜಂಪರು ಯಾರ ಹತ್ರ ಐತೆ, ದಯಮಾಡಿ ತಿಳಿಸ್ರಿ" ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ನೆಂಟರಿಗೂ ಕಳಿಸಿದೆ. ಅವರು ಅವರ ನೆಂಟರಿಗೆ ಕಳಿಸಿದರು. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದೇ ಹಾಕಿದ್ದು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಬನ್ನಿ ಕೊಟ್ಟುಬಂದು, ಸುಮ್ಮನೆ ಪಟ್ಟಿಯ ಸಾಲು ಓಡಿಸಿದೆ. ನಾನು ಇಡದ ಎರಡು ಹೆಸರು ಅಲ್ಲಿದ್ದವು. ಒಂದು, 'ಮೊದಲು ಕೀ ಬದಲಾಯಿಸ್ರಿ ಅಕ್ಕಾ'. ಅದರ ಕೆಳಗೆ, 'ಆಮೇಲೆ ಫೋನ್ ಮಾಡ್ರಿ'.

ಸ್ಟೇಟಸ್ಸಿನ ಫೋಟೋ ತೆಗೆದು ನೋಡಿದೆ. ಚೆಂಡುಹೂವಿನ ಸರದ ಕೆಳಗೆ, ಕುಂಕುಮದ ಬೊಟ್ಟಿನ ಪಕ್ಕದಲ್ಲಿ, ನನ್ನ ಗುಟ್ಟಿನ ಕೀ ಒಂದಕ್ಷರ ಬಿಡದೆ ಫಳಫಳ ಹೊಳೆಯುತ್ತಿತ್ತು!

ನಾನು ಚೀರಿದ್ದಕ್ಕೆ ಗಂಡ ಓಡಿಬಂದರು. "ರೀ, ಯಾರೋ ನಮ್ಮ ಬಕೆಟ್ಟಿಗೆ ನುಗ್ಗ್ಯಾರೆ!"

"ಏನು ಹೋಗೈತೆ?"

"ಏನೂ ಹೋಗಿಲ್ಲ. ಏನೋ ಇಟ್ಟು ಹೋಗ್ಯಾರೆ."

"ಇಟ್ಟು ಹೋಗಾ ಕಳ್ಳ ಇದ್ರೆ ನಮ್ಮ ಅಂಗಡಿಗೂ ಕಳಿಸೇ" ಎಂದು ಅವರು ನಕ್ಕರು. ನಾನು ಆ ಹೆಸರಿನಲ್ಲಿ ಹೇಳಿದ ಮಾತು ಕೇಳಿ ಮೊದಲು ಹಳೇ ಕೀ ಅಳಿಸಿ, ಹೊಸದು ಮಾಡಿಕೊಂಡು, ಅದನ್ನು ಕೋಡಿನಿಂದ ಬೇರೆ ಕಡೆ ಇಟ್ಟೆ. ಸ್ಟೇಟಸ್ಸೂ ತೆಗೆದೆ. ಆಮೇಲೆ ಮೊದಲನೇ ಹೆಸರಿನಲ್ಲಿದ್ದ ಫೋಟೋ ಇಳಿಸಿಕೊಂಡು ತೆರೆದೆ. ಹಸಿರು ರೇಷ್ಮೆ. ಬೆನ್ನ ಮೇಲೆ ಎರಡು ಗಿಣಿ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಕೂತಿದ್ದವು.

ಎರಡನೆಯದರಲ್ಲಿ ಬರೀ ಒಂದು ನಂಬರಿತ್ತು. ಮಾಡಿದೆ. ಎತ್ತಿದ್ದು ಜಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ. ನನ್ನ ಫೋಟೋ ಯಾರ್ಯಾರ ಕೈದಾಟಿ ಅವಳಿಗೆ ತಲುಪಿತ್ತು. "ಅಲ್ರೀ ಅಕ್ಕಾ, ಬೀಗದಕೈಗೆ ಹೂ ಮುಡಿಸಿ ಊರಿಗೆಲ್ಲ ತೋರಿಸಿದೀರಲ್ರೀ! ಫೋಟೋದಾಗೆ ನಿಮ್ಮ ನಂಬರಿಲ್ಲ, ಹೆಸರಿಲ್ಲ, ನಿಮಗೆ ಹೆಂಗೆ ಹೇಳಾದು? ಅದಕ್ಕೇ ಒಳಗೆ ಬಂದು ಇಟ್ಟೆ, ತಪ್ಪು ತಿಳೀಬ್ಯಾಡ್ರಿ. ಜಂಪರು ನಮ್ಮಮ್ಮಂದು." ನಾನು ನಗುತ್ತಾ ಅಳುತ್ತಾ ಏನೇನೋ ಒದರಿದೆ. ಅವಳಿಗೆ ಒಂದೂ ತಿಳಿದಿರಲಿಕ್ಕಿಲ್ಲ.

ಲ್ಯಾಪ್‌ಟಾಪನ್ನು ಅಮ್ಮನ ಮಡಿಲಿಗಿಟ್ಟು ಫೋಟೋ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಅವಳು ಪರದೆಗೆ ಮೂಗು ತಾಗಿಸಿ ಒಂದೇ ಕಣ್ಣಿನಲ್ಲಿ ಗಿಣಿಗಳನ್ನು ನೋಡಿದಳು. ಹಾಗೇ ಬಗಲಿನ ಹತ್ತಿರ ಸರಿಸು ಎಂದಳು. ಅಲ್ಲಿ ಬಟ್ಟೆ ಮಾಸಿತ್ತು. ಆದರೆ ಹೊಲಿಗೆಯ ಪಕ್ಕಕ್ಕೆ, ಒಳಮಡಿಕೆಯಲ್ಲಿ ಅಡಗಿದ್ದ ಬಟ್ಟೆ ಹೊರಬಂದ ಕಡೆ, ಎರಡು ಗೆರೆ ಮಾತ್ರ ಕಡುಹಸಿರಾಗಿ ಉಳಿದಿದ್ದವು.

"ನನ್ನ ಹೊಲಿಗೆ ಬಿಚ್ಚ್ಯಾರೆ" ಎಂದಳು.

ತನ್ನ ಹೊಲಿಗೆಯನ್ನು ಇನ್ನೊಬ್ಬರು ಮುಟ್ಟಿದರೆ ಅವಳು ಸುಮ್ಮನಿರುವವಳಲ್ಲ. "ಹೋಗ್ಲಿ ಬಿಡಮ್ಮ" ಎನ್ನುವಷ್ಟರಲ್ಲಿ ಅಮ್ಮ ಚಪ್ಪಾಳೆ ಹೊಡೆದಳು.

"ಒಂದ್ ಸಲ ಅಲ್ಲ ಕಣೇ, ಎರಡ್ ಸಲ ಬಿಚ್ಚ್ಯಾಳೆ ಆ ಮದುಮಗಳು! ಪೆಟ್ಟಿಗೆಯಾಗೆ ಮಡಚಿ ಇಟ್ಟಿಲ್ಲ, ಮೈ ತುಂಬ್ಕೊಂಡಂಗೆಲ್ಲ ಬಿಚ್ಚಿ ಬಿಚ್ಚಿ ಹಾಕ್ಕೊಂಡಾಳೆ!" ಅವಳ ಆ ಕಣ್ಣಿನಿಂದಲೂ ಈ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಬಾಯಿ ತುಂಬ ನಗು. "ಫೋನ್ ಮಾಡಿ ಹೇಳು ಅವಳಿಗೆ. ಒಳಗೆ ಇನ್ನೂ ಒಂದು ಬೆರಳು ಬಟ್ಟೆ ಬಿಟ್ಟೀನಿ, ಹೆದರದೆ ಉಣ್ಣು ಅಂತ."