ನಾನು ನೋಡದೆ ಬೈದ ಏಳನೇ ಸೀಸನ್

ದೇವನಹಳ್ಳಿಯಿಂದ ಹೊರಟ ಬಸ್ಸು ಅದೇ ತಾಲ್ಲೂಕಿನ ವಿಜಯಪುರದ ಒಳಗೆ ತಿರುಗುವ ಮೊದಲೇ ಕಿಟಕಿಯಿಂದ ಒಂದು ವಾಸನೆ ನುಗ್ಗುತ್ತದೆ. ಬೆಂದ ರೇಷ್ಮೆ ಗೂಡಿನ ವಾಸನೆ. ಅದು ಹೇಗಿರುತ್ತದೆ ಎಂದು ಮಾತ್ರ ಕೇಳಬೇಡಿ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರು ಸುಖವಾಗಿದ್ದಾರೆ. ಮೊನ್ನೆ ಭಾನುವಾರ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ರೀ ಇದು, ಏನಾದ್ರೂ ಸತ್ತಿದ್ಯಾ ಇಲ್ಲಿ?" ಎಂದರು. "ಸತ್ತಿದೆ, ಆದ್ರೆ ಎದ್ದು ಬರಲ್ಲ ಬಿಡಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕಿಟಕಿಯ ಕಡೆಗೆ ಸರಿದು ಕೂತರು. ಅವರದೇನೂ ತಪ್ಪಿಲ್ಲ. ಸತ್ತವರು ಎದ್ದು ಬರುವ ಧಾರಾವಾಹಿಯೊಂದನ್ನು ವರ್ಷಗಟ್ಟಲೆ ನೋಡಿದವಳ ತಲೆ ಹೀಗೇ ಓಡುತ್ತದೆ. ಅಂದು ನಾನು ಬಸ್ಸು ಹತ್ತಿದ್ದೂ ಆ ಧಾರಾವಾಹಿಯ ದೆಸೆಯಿಂದಲೇ, ವಿಜಯಪುರದಲ್ಲಿರುವ ಒಬ್ಬರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದಕ್ಕೆ.

ಅವರು ನನ್ನ ಗೆಳತಿ ನಜೀಮಾಳ ತಂದೆ. ನಾನು ಕರೆಯುವುದು ಚಾಚಾ ಎಂದು. ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಆಗಿದ್ದವರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ನಾನು ಅವರನ್ನು ನಜೀಮಾಳಿಗಿಂತ ಮೊದಲೇ ಕಂಡಿದ್ದೆ. ನಮ್ಮದು ಕುಂದಾಣದ ಕಡೆಯ ಹಳ್ಳಿ, ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆ. ರಜೆ ಬಂದರೆ ಅಪ್ಪನ ಜೊತೆ ವಿಜಯಪುರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ. ಅಪ್ಪ ಗೂಡು ಸುರಿದ ಆಳದ ತಟ್ಟೆಯ ಮೇಲ್ಭಾಗಕ್ಕೆ ಚೆಂದದ ಗೂಡುಗಳನ್ನೇ ಬರುವಂತೆ ಹರವುತ್ತಿದ್ದರು. ಎಲ್ಲ ರೈತರೂ ಹಾಗೆ ಮಾಡುವವರೇ, ನಮ್ಮಪ್ಪನೊಬ್ಬರೇ ಎಂದುಕೊಳ್ಳಬೇಡಿ. ಚಾಚಾ ಬಂದವರು ಮೇಲಿನ ಸಾಲಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈಯನ್ನು ತಟ್ಟೆಯೊಳಗೆ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಹುಳು ಲಟಲಟ ಎಂದರೆ ಗೂಡು ಚೆನ್ನಾಗಿದೆ ಎಂದರ್ಥ. ಆಮೇಲೆ, ಬೆಲೆ ಕೂಗುವ ಮೊದಲು, ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ, ಪಾಪ.

ಮುಂದೆ ದೇವನಹಳ್ಳಿಯ ಕಾಲೇಜಿನಲ್ಲಿ ನಜೀಮಾ ನನ್ನ ಬೆಂಚಿನಲ್ಲೇ ಕೂತಳು. ಯಾರೋ ಸಹಪಾಠಿ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಟ್ಟ ಆ ಇಂಗ್ಲಿಷ್ ಧಾರಾವಾಹಿ ನಮ್ಮಿಬ್ಬರನ್ನು ಹಿಡಿದುಕೊಂಡಿತು. ಊರಿಗೆ ಊರೇ ಹೆಣವಾಗಿ, ಹೆಣಗಳೆಲ್ಲ ಎದ್ದು ತಿರುಗುತ್ತಾ, ಬದುಕಿದವರು ಹತ್ತಿಪ್ಪತ್ತು ಜನ ಗುಂಪುಕಟ್ಟಿಕೊಂಡು ಓಡುತ್ತಲೇ ಇರುವ ಕಥೆ. ಭಾನುವಾರ ಮಧ್ಯಾಹ್ನ ಅವಳ ಮನೆಯ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಸಂಜೆಯ ಚಹಾದವರೆಗೆ ಅದೇ. ಮೊದಲ ದಿನ ಚಾಚಾ ಬಾಗಿಲಲ್ಲಿ ನಿಂತು ನೋಡಿದರು. ಎರಡನೆಯ ವಾರ ಕುರ್ಚಿ ತಂದುಕೊಂಡರು. ಮೂರನೆಯ ವಾರ ನಾವು ತಡಮಾಡಿದ್ದಕ್ಕೆ, "ಮುರ್ದಾಗಳು ಕಾಯ್ತಾ ಇದ್ದಾವೆ, ಎಲ್ಲಿ ಹೋಗಿದ್ರಿ?" ಎಂದು ಹೆಣಗಳ ಪರವಾಗಿ ಗದರಿದರು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಜೀಮಾ ದಖನಿ ಉರ್ದುವಿನಲ್ಲಿ ಹೇಳುತ್ತಿದ್ದಳು, ನಾನು ನಡುನಡುವೆ ಕನ್ನಡದಲ್ಲಿ ತಿದ್ದುತ್ತಿದ್ದೆ. ಅವರಿಗೆ ಆ ಎದ್ದ ಹೆಣಗಳ, ಅಂದರೆ ಜಾಂಬಿಗಳ, ಭಯ ಇರಲಿಲ್ಲ, ಕುತೂಹಲ ಇತ್ತು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಆಗ ತಿನ್ನದೆ ತಲೆಯೆತ್ತಿಕೊಂಡು ಕಲ್ಲಿನ ಹಾಗೆ ಬಿದ್ದಿರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ದೇವರಿಗೇ ಪ್ರೀತಿ. "ಇವೂ ನಾಲ್ಕನೇ ಜ್ವರ ಬಿಟ್ಟು ಎದ್ದಿದಾವೆ. ಆದ್ರೆ ಗೂಡು ಕಟ್ಟಲ್ಲ, ಬರೀ ತಿನ್ನೋದೇ" ಎಂದು ಚಾಚಾ ಬೇಸರಪಟ್ಟುಕೊಂಡರು.

ಜಗಳ ಶುರುವಾದದ್ದು ಲೇಸಿನ ವಿಷಯಕ್ಕೆ. ಕಥೆಯಲ್ಲಿ ಅಪ್ಪ ಅಮ್ಮ ಇಲ್ಲದ ಒಬ್ಬ ಅಕ್ಕ, ಒಬ್ಬ ಪುಟ್ಟ ತಮ್ಮ. ಓಡುವ ಮೊದಲು ಅಕ್ಕ ಪ್ರತಿ ಸಲವೂ ಬಗ್ಗಿ ತಮ್ಮನ ಶೂ ಲೇಸು ಕಟ್ಟುತ್ತಾಳೆ.

"ಹಿಂದೆ ಅಷ್ಟೊಂದು ಜಾಂಬಿ ಬರ್ತಿದ್ರೆ ಯಾವಳಾದ್ರೂ ಲೇಸ್ ಕಟ್ತಾ ಕೂತ್ಕೊಳ್ತಾಳೇನೇ? ಬರೆಯೋರಿಗೆ ತಲೆ ಇಲ್ಲ" ಎಂದೆ ನಾನು.

"ಜನ ನೋಡೇ, ಜಾಂಬಿ ನೋಡ್ಬೇಡ" ಎಂದಳು ನಜೀಮಾ.

ಚಾಚಾ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ಬಿಚ್ಚಿದ ಲೇಸಲ್ಲಿ ಓಡಿದ್ರೆ ಮಗು ಬೀಳಲ್ವಾ? ಕಟ್ಟಿ ಓಡ್ಸೋದೇ ಬುದ್ಧಿ. ನಿಂಗೇನಮ್ಮಾ ಗೊತ್ತು" ಎಂದರು ನನಗೆ.

ಅಲ್ಲಿಂದ ಮುಂದೆ ವರ್ಷಗಟ್ಟಲೆ ನಮ್ಮ ಭಾನುವಾರಗಳು ವಾದದಲ್ಲೇ ಕಳೆದವು. ಅಷ್ಟು ವರ್ಷವಾದರೂ ಅವರ ಗಾಡಿಗಳಿಗೆ ಪೆಟ್ರೋಲು ಎಲ್ಲಿಂದ ಬರುತ್ತದೆ? ಗಂಡಸರ ಗಡ್ಡವನ್ನು ಅಷ್ಟು ನೀಟಾಗಿ ಕತ್ತರಿಸುವವರು ಯಾರು? ಹೊಲದ ಮನೆಯಲ್ಲೇ ಸುಮ್ಮನೆ ಕೂತಿದ್ದ ಎರಡನೇ ಸೀಸನ್ ನನಗೆ ಆಕಳಿಕೆ ತರಿಸುತ್ತಿತ್ತು. ಚಾಚಾಗೆ ಅದೇ ಎಲ್ಲಕ್ಕಿಂತ ಮೇಲು. "ಎಳೆ ಸಣ್ಣ ಇದೆ, ಆದ್ರೆ ಎಲ್ಲೂ ತುಂಡಾಗಲ್ಲ" ಎಂಬುದು ಅವರ ತೀರ್ಪು. ಒಂದು ಸಲ ಯೋಚಿಸಿ ನನಗೇ ನಗು ಬಂತು. ಮಾರುಕಟ್ಟೆಯಲ್ಲಿ ರೈತರಾದ ನಾವು ಹೊಗಳುತ್ತಿದ್ದೆವು, ರೀಲರ್ ತೆಗಳುತ್ತಿದ್ದರು. ಟಿವಿ ಮುಂದೆ ಎಲ್ಲ ತಿರುಗಾಮುರುಗಾ ಆಗಿತ್ತು.

ಮೂರನೇ ಸೀಸನ್ನಿನ ಕೊನೆಗೆ ರೈಲು ಸೇತುವೆಯ ಮೇಲೆ ಅಕ್ಕ ತಮ್ಮ ಬೇರೆಯಾದರು. ಅವಳು ಈ ದಡ, ಅವನು ಆ ದಡ, ನಡುವೆ ಹೆಣಗಳ ಹಿಂಡು. ಅಂದಿನಿಂದ ಚಾಚಾ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಆ ಹುಡುಗ ಸಿಗ್ತಾನಾ?" ನಾಲ್ಕು, ಐದು, ಆರನೇ ಸೀಸನ್ನುಗಳು ಮುಗಿದರೂ ಹುಡುಗ ಸಿಗಲಿಲ್ಲ. ಅಷ್ಟರಲ್ಲಿ ಚಾಚಾರ ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ನೋಟ ಸುತ್ತಲಿನಿಂದ ಕಿರಿದಾಗುತ್ತಾ ಬರುತ್ತಿತ್ತು. ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ನಜೀಮಾ ಮದುವೆಯಾಗಿ ಹೊಸಕೋಟೆ ಸೇರಿದ್ದಳು, ನಾನು ದೊಡ್ಡಬಳ್ಳಾಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರಮ್ಮ ಆಗಿದ್ದೆ.

ಆ ದಿನಗಳಲ್ಲಿ ಫೋನಿನಲ್ಲಿ ಈ ಧಾರಾವಾಹಿಯ ಅಭಿಮಾನಿಗಳ ಗುಂಪೊಂದರಲ್ಲಿ ನಾನು ದೊಡ್ಡ ಪಂಡಿತೆ. ಆರನೆಯದರಲ್ಲಿ ನನ್ನ ಇಷ್ಟದ ಪಾತ್ರವನ್ನು ಸಾಯಿಸಿದ್ದಕ್ಕೆ ಕೋಪಗೊಂಡು ನೋಡುವುದನ್ನೇ ಬಿಟ್ಟಿದ್ದೆ, ಮಾತಾಡುವುದನ್ನು ಬಿಟ್ಟಿರಲಿಲ್ಲ. ಏಳನೇ ಸೀಸನ್ ಬಂದಾಗ ಗುಂಪಿನವರೆಲ್ಲ ಉಗಿದರು, ನಾನೂ ಸೇರಿಕೊಂಡೆ. ಒಂದು ಎಪಿಸೋಡೂ ನೋಡದೆ, "ಕಥೆ ಏಕೆ ಸತ್ತಿತು" ಎಂದು ಉದ್ದುದ್ದ ಬರೆದೆ. ಎಷ್ಟೊಂದು ಜನ ಮೆಚ್ಚಿದರು ಗೊತ್ತೇ! ಲೆಕ್ಕವನ್ನು ಹಂತ ಹಂತವಾಗಿ ಬಿಡಿಸದೆ ಬರೀ ಉತ್ತರ ಬರೆದ ಮಕ್ಕಳಿಗೆ ಅಂಕ ಕಳೆಯುವವಳು ನಾನೇ.

ಆಗೊಂದು ದಿನ ನಜೀಮಾ ತವರಿಗೆ ಬಂದಿದ್ದಾಳೆಂದು ವಿಜಯಪುರಕ್ಕೆ ಹೋದೆ. ಚಾಚಾ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಏಳನೇದು ಪೆನ್‌ಡ್ರೈವಲ್ಲಿ ತುಂಬ್ಸಿ ಇಟ್ಟಿದೀನಿ ಬೇಟಿ. ನನ್ನ ಕಣ್ಣು ಹೆಚ್ಚು ದಿನ ಬರಲ್ಲ. ಅರ್ಧ ಗಂಟೆ ನೋಡಿದ್ರೆ ಮಂಜಾಗುತ್ತೆ. ನೀನು ಎಲ್ಲಾ ತಿಳ್ಕೊಂಡಿರ್ತೀಯ. ನೋಡಬಹುದಾ, ಬೇಡ್ವಾ?"

"ಬೇಡ ಚಾಚಾ. ಹಾಳು ಮಾಡ್ಬಿಟ್ಟಿದಾರೆ. ಕಣ್ಣು ದಂಡ" ಎಂದೆ, ಒಂದು ಕ್ಷಣವೂ ತಡಮಾಡದೆ.

ಅವರು ತಲೆಯಾಡಿಸಿದರು. ನಜೀಮಾ, "ಹಂಗಾದ್ರೆ ನಾನೂ ನೋಡಲ್ಲಪ್ಪ" ಎಂದಳು. ಚಹಾ ಕುಡಿದು ಬಂದೆ. ಆಮೇಲೆ ಆ ಮನೆಗೆ ಹೋಗಲು ಕಾರಣ ಸಿಗಲಿಲ್ಲ. ಎರಡು ವರ್ಷದಲ್ಲಿ ಅಬ್ಬಾಗೆ ಈಗ ಏನೂ ಕಾಣಿಸುವುದಿಲ್ಲ ಎಂದು ನಜೀಮಾ ಫೋನಿನಲ್ಲಿ ಹೇಳಿದಳು. ಅಯ್ಯೋ ಎಂದೆ, ಮರೆತೆ.

ಹೋದ ತಿಂಗಳು ನನಗೆ ಜ್ವರ ಬಂತು, ಹುಳುವಿನದಲ್ಲ, ಮನುಷ್ಯರದೇ. ಮೂರು ದಿನ ಮಲಗಿ ಬೇಸರವಾಗಿ, ಬೇರೇನೂ ತೋಚದೆ ಏಳನೇ ಸೀಸನ್ ಹಾಕಿಕೊಂಡೆ. ಮೊದಲ ಎಂಟು ಎಪಿಸೋಡುಗಳು ನಾನು ಬೈದಷ್ಟೇ ಕೆಟ್ಟದಾಗಿದ್ದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಒಂಬತ್ತನೆಯದರಲ್ಲಿ ಒಂದು ಪಾಳು ಶಾಲೆಯ ಅಡುಗೆಮನೆಯಲ್ಲಿ ಅಕ್ಕನಿಗೆ ತಮ್ಮ ಸಿಕ್ಕಿದ. ನಾನು ಎದ್ದು ಕೂತೆ. ಚಾಚಾ ನಾಲ್ಕು ಸೀಸನ್ ಕಾದದ್ದು ಇದಕ್ಕೇ. ಕಣ್ಣಲ್ಲಿ ಉಳಿದಿದ್ದ ಕೊನೆಯ ಬೆಳಕಿನಲ್ಲಿ ಇದನ್ನು ನೋಡಬಹುದಾಗಿತ್ತು. ನಾನು ಬೇಡ ಎಂದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಹೀಗೆ ಮೊನ್ನೆ ಭಾನುವಾರ ಮೂಗಿಗೆ ಆ ವಾಸನೆ ಹೊಡೆಸಿಕೊಂಡು ಬಸ್ಸಿಳಿದೆ. ಚಾಚಾ ಜಗಲಿಯ ಮೇಲೆ ಕೂತಿದ್ದರು. ಬೆರಳ ಸುಕ್ಕುಗಳೆಲ್ಲ ಹೋಗಿ ಕೈ ಬೇರೆ ಯಾರದೋ ಹಾಗಿತ್ತು. ದನಿ ಕೇಳಿದ ಕೂಡಲೇ ಗುರುತು ಹಿಡಿದರು. ಪಕ್ಕದಲ್ಲಿ ಕೂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು, ಹೇಗೋ ಒದರಿಬಿಟ್ಟೆ.

"ಚಾಚಾ, ಅವತ್ತು ಏಳನೇದು ಚೆನ್ನಾಗಿಲ್ಲ ಅಂದಿದ್ನಲ್ಲ, ನಾನು ಅದನ್ನ ನೋಡೇ ಇರ್ಲಿಲ್ಲ. ಯಾರೋ ಹೇಳಿದ್ದನ್ನ ಹೇಳ್ದೆ. ತಪ್ಪಾಯ್ತು."

"ಗೊತ್ತು" ಎಂದರು.

"ಗೊತ್ತಾ? ಹೆಂಗೆ?"

"ಬೆಲೆ ಬೇಗ ಕೂಗ್ಬಿಟ್ಟೆ. ಕೈ ಹಾಕಿ ನೋಡ್ದೋರು ಸ್ವಲ್ಪ ಹೊತ್ತು ಸುಮ್ನಿರ್ತಾರೆ." ಆಮೇಲೆ ನಕ್ಕರು. "ರೈತರ ಮಾತು ಕೇಳಿ ನಾನು ಯಾವತ್ತಮ್ಮಾ ಮಾಲು ತಗೊಂಡಿದೀನಿ? ನೀನು ಹೋದ ಮಾರನೇ ದಿನಾನೇ ಹಾಕ್ಕೊಂಡೆ. ದಿನಕ್ಕೆ ಅರ್ಧ ಗಂಟೆ. ಟಿವಿಗೆ ಮೂಗು ಅಂಟಿಸ್ಕೊಂಡು."

ನನಗೆ ಆದ ಸಮಾಧಾನವನ್ನು ಏನೆಂದು ಹೇಳಲಿ! ತಿಂಗಳಿಂದ ಎದೆಯ ಮೇಲಿದ್ದ ಭಾರ ಒಂದೇ ಸಲಕ್ಕೆ ಇಳಿಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

"ಈಗ ನೋಡಿದೀಯ ತಾನೇ?"

"ನೋಡಿದೀನಿ."

"ಆ ಅಡುಗೆಮನೇಲಿ ಅವಳು ಕೊಡಲಿ ಎತ್ತಿದ್ಲು. ಅವನು ಗಡ್ಡ ಬಿಟ್ಟಿದ್ದ, ಅವಳಿಗೆ ಗುರ್ತು ಸಿಗಲಿಲ್ಲ. ಯಾರೂ ಮಾತಾಡ್ಲಿಲ್ಲ. ಆಮೇಲೆ ಅವನು ಬಗ್ಗಿದ. ಅಷ್ಟು ಕಾಣಿಸ್ತು. ಹಿಂದಕ್ಕೆ ಓಡಿಸ್ಕೊಂಡು ಆರು ಸಲ ನೋಡ್ದೆ. ಅಲ್ಲಿ ಕೆಳಗೆ ನನ್ನ ಕಣ್ಣಿಗೆ ಬರೀ ಕಪ್ಪು. ಅವನು ಬಗ್ಗಿದ್ದಕ್ಕೆ ಅವಳು ಯಾಕೆ ಕೊಡಲಿ ಬಿಟ್ಟು ಅತ್ತಳು?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು.

"ಕೇಳೋಣ ಅಂದ್ರೆ ನಜೀಮಾನೂ ನೋಡ್ಲಿಲ್ಲ, ನೀನೂ ನೋಡ್ಲಿಲ್ಲ. ಎಷ್ಟು ವರ್ಷದಿಂದ ಯೋಚ್ನೆ ಮಾಡ್ತಿದೀನಿ. ಕಾಲಿಗೆ ಬಿದ್ನಾ? ಪೆಟ್ಟಾಗಿತ್ತಾ?"

"ಇಲ್ಲ ಚಾಚಾ" ಎಂದೆ. "ಅವಳ ಶೂ ಲೇಸು ಬಿಚ್ಚಿತ್ತು. ಅವನು ಬಗ್ಗಿ ಕಟ್ಟಿದ."

ಚಾಚಾ ನನ್ನ ಕೈ ಬಿಟ್ಟರು. ಬಹಳ ಹೊತ್ತು ಸುಮ್ಮನಿದ್ದರು, ಗೂಡಿನ ತಟ್ಟೆಯ ಮುಂದೆ ಇರುತ್ತಿದ್ದ ಹಾಗೆ. ಹಿಂದಿನ ಶೆಡ್ಡಿನಲ್ಲಿ ಯಾರದೋ ಯಂತ್ರ ತಿರುಗುತ್ತಿತ್ತು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

"ನಾನು ಅವತ್ತು ಹೇಳ್ಲಿಲ್ವಾ, ಕಟ್ಟಿ ಓಡ್ಸೋದೇ ಬುದ್ಧಿ ಅಂತ" ಎಂದರು ಕೊನೆಗೆ.

"ಹೇಳಿದ್ರಿ ಚಾಚಾ. ನನಗೆ ಗೊತ್ತಾಗ್ಲಿಲ್ಲ."

"ಮಿಕ್ಕಿದ್ದು ಮಾತ್ರ ಚೆನ್ನಾಗಿರ್ಲಿಲ್ಲ. ಮೊದಲಿನ ಎಂಟಂತೂ ನಕ್ಕೋ ನಕ್ಕೋ, ಬೇಡಪ್ಪಾ ಬೇಡ ಅನ್ಸ್ಬಿಡ್ತು. ನೀನು ಹೇಳಿದ್ದು ಸರಿನೇ ಇತ್ತು. ನೋಡಿ ಹೇಳಿದ್ದಿದ್ರೆ ಇಬ್ಬರೂ ಕೂತು ಬೈಬಹುದಾಗಿತ್ತು."

ಆ ಮಾತು ನಾಟಿದಷ್ಟು ಬೇರೇನೂ ನಾಟಲಿಲ್ಲ. ಅವರಿಗೆ ಕಥೆ ತಪ್ಪಿಸಿದೆ ಎಂದು ನಾನು ಒಂದು ತಿಂಗಳು ಕೊರಗಿದ್ದೆ. ತಪ್ಪಿಸಿದ್ದು ಕಥೆಯನ್ನಲ್ಲ, ಜಗಳವನ್ನು. ಅಷ್ಟೂ ವರ್ಷ ಆ ಜಗಲಿಯಲ್ಲಿ ವಾದಕ್ಕೊಬ್ಬರು ಇಲ್ಲದೆ ಅವರು ಒಬ್ಬರೇ ಕೂತಿದ್ದರು.

ಅಂದು ಚಹಾ ತಣ್ಣಗಾಗುವವರೆಗೆ ಮೊದಲ ಎಪಿಸೋಡಿನಿಂದ ಹೇಳಿಕೊಂಡು ಬಂದೆ. ಇಂಗ್ಲಿಷ್ ಮಾತುಗಳ ಅರ್ಥ ತಿಳಿಯದೆ ಅವರು ತಾವೇ ಒಂದು ಕಥೆ ಕಟ್ಟಿಕೊಂಡು ನೋಡಿದ್ದರು, ಅದು ನಿಜವಾದದ್ದಕ್ಕಿಂತ ಎಷ್ಟೋ ವಾಸಿಯಾಗಿತ್ತು. ನಡುವೆ ಎರಡು ಸಲ ಬೈದಾಡಿಕೊಂಡೆವು. ಹೊರಡುವಾಗ ಅವರು ಬಾಗಿಲವರೆಗೆ ಗೋಡೆ ಸವರಿಕೊಂಡು ಬಂದರು.

"ಎಂಟನೇದು ಬಂದಿದ್ಯಂತಲ್ಲ. ಹೆಂಗಿದೆ?"

ಫೋನಿನ ಆ ಗುಂಪಿನಲ್ಲಿ ಎಂಟನೆಯದನ್ನು ಹರಿದು ಹಾಕಿದ್ದರು. ಯಾರು ಯಾರು ಏನೇನು ಬೈದಿದ್ದರೆಂದು ಸಾಲುಸಾಲಾಗಿ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

"ಗೊತ್ತಿಲ್ಲ ಚಾಚಾ. ಇನ್ನೂ ನೋಡಿಲ್ಲ."

ಅವರ ಮುಖ ಅರಳಿತು. "ಹೌ, ಈಗ ಸರಿ" ಎಂದರು. "ಬರೋ ಭಾನುವಾರ ತಗೊಂಡ್ಬಾ. ನೀನು ನೋಡ್ತಾ ಹೇಳು, ನಾನು ಕೇಳಿ ಬೆಲೆ ಕಟ್ತೀನಿ."